ಪರೇಡ್ ಸಾಕು, ಸಾಯಂಕಾಲ ಬರಿ ಮಾರಾಯ

ತಮ್ಮಾ,

ನಿನ್ನ ಕಥೆ ಓದ್ದೆ. 1917ರ ಅಮೆರಿಕ, ನ್ಯೂಯಾರ್ಕ್ ಕಡೆ ಕ್ಯಾಂಪ್ ಅಪ್ಟನ್, ಮೊದಲನೇ ಮಹಾಯುದ್ಧಕ್ಕೆ ರೆಡಿಯಾಗ್ತಿರೋ ಹುಡುಗ್ರು, ಎಲ್ಲಾ ಸರಿ, ಆದ್ರೆ ಹನ್ನೆರಡು ಪುಟಾನೂ ಬರೀ ಲೆಫ್ಟ್ ರೈಟು, ಬಯೊನೆಟ್ಟು, ಸಾರ್ಜೆಂಟ್ ಬೈಗುಳ. ಸಾಯಂಕಾಲ ಅವ್ರೇನ್ ಮಾಡ್ತಿದ್ರೋ? ನಾನು ಎನ್‌ಸಿಸಿ ಕ್ಯಾಂಪಿಗೆ ಹೋಗಿದ್ದೆ, ಹತ್ತು ದಿನದ ಡ್ರಿಲ್ ಒಂಚೂರೂ ನೆನಪಿಲ್ಲ, ಪಕ್ಕದೋನು ಟಾರ್ಚ್ ಬೆಳಕಲ್ಲಿ ಮನೆಗೆ ಇನ್‌ಲ್ಯಾಂಡ್ ಲೆಟರ್ ಬರೀತಾ ಮೂಗು ಒರೆಸ್ಕೊಂಡಿದ್ದು ಮಾತ್ರ ಇವತ್ತಿಗೂ ಕಣ್ಣಲ್ಲಿದೆ.

ಅಲ್ಲಿ ಸಾಯಂಕಾಲಕ್ಕೂ ಒಂದು ಸರ್ಕಾರಿ ಕಮಿಷನ್ ಇತ್ತು ಕಣೋ! ಯುದ್ಧಕ್ಕೆ ಇಳಿದ ಏಪ್ರಿಲ್‌ನಲ್ಲೇ ಶುರುಮಾಡಿ ರೇಮಂಡ್ ಫಾಸ್ಡಿಕ್ ಅನ್ನೋ ವಕೀಲರ ಕೈಗೆ ಕೊಟ್ರು. ಲೈಬ್ರರಿ, ಬಾಕ್ಸಿಂಗ್, ಸಾವಿರಾರು ಜನರನ್ನ ಒಟ್ಟಿಗೆ ಹಾಡಿಸೋಕೆ ಹಾಡಿನ ಮೇಷ್ಟ್ರು, ಕ್ಯಾಂಪಲ್ಲೇ ಲಿಬರ್ಟಿ ಥಿಯೇಟರ್ ಅನ್ನೋ ನಾಟಕಶಾಲೆ. ಥಿಯೇಟರಿಗೆ ಸ್ಮೈಲೇಜ್ ಅಂತ ಕೂಪನ್ ಬುಕ್ ಬೇರೆ, ಊರಲ್ಲಿರೋರು ಒಂದು ಡಾಲರ್ ಕೊಟ್ಟು ತಗೊಂಡು ಹುಡುಗನಿಗೆ ಪೋಸ್ಟ್ ಮಾಡೋದು. ಇದೆಲ್ಲ ಬರೀ ಅಕ್ಕರೆ ಅಂದ್ಕೊಂಡ್ಯೋ ಕೆಟ್ಟೆ. ಹಿಂದಿನ ವರ್ಷ ಮೆಕ್ಸಿಕೋ ಗಡೀಲಿ ಸೈನಿಕರು ಹೆಂಡದಂಗಡಿ, ಸೂಳೆಗೇರಿ ಸುತ್ತೋದನ್ನ ಇದೇ ಫಾಸ್ಡಿಕ್ ಕಣ್ಣಾರೆ ನೋಡಿ ಬಂದಿದ್ರು. ಯೂನಿಫಾರ್ಮ್ ಹಾಕಿದವನಿಗೆ ಹೆಂಡ ಮಾರಬಾರದು ಅಂತ ಕಾನೂನೇ ಬಂತು, ರೋಗ ಹತ್ತಿದ ಸೈನಿಕ ಬಂದೂಕು ಹಿಡಿಯಲ್ಲ, ಅದಕ್ಕೇ ಫುಟ್‌ಬಾಲು, ಅದಕ್ಕೇ ಹಾಡು. ಈ ಲೆಕ್ಕಾಚಾರ ನಿನ್ನ ಕಥೇಲಿ ಎಲ್ಲೋ ಒಂದ್ಕಡೆ ವಾಸನೆ ಹೊಡೀಬೇಕು.

ಕ್ಯಾಂಪಲ್ಲಿ ವೈಎಂಸಿಎ ಅನ್ನೋ ಕ್ರೈಸ್ತ ಯುವಕರ ಸಂಘದ ಶೆಡ್ಡಲ್ಲಿ, ಅವರ ಕೆಂಪು ತ್ರಿಕೋನದ ಗುರುತಿರೋ ಪತ್ರದ ಕಾಗದ ಪುಕ್ಕಟೆ ಸಿಗ್ತಿತ್ತು. ನಿನ್ನ ಇಟಲಿ ಹುಡುಗನಿಗೆ ಇಂಗ್ಲಿಷ್ ಬರಲ್ಲ ಅಂತ ನೀನೇ ಬರ್ದಿದ್ಯಲ್ಲ, ಅವನನ್ನ ಅಲ್ಲೊಂದು ಬೆಂಚಿನ ಮೇಲೆ ಕೂರ್ಸು, ಬೇರೆಯವ್ರು ಅವನ ಪತ್ರ ಬರ್ಕೊಡ್ಲಿ, ಹೆಂಡ್ತಿಗೆ ಹೇಳೋ ಮಾತನ್ನ ಅಪರಿಚಿತನ ಮುಂದೆ ಹೆಂಗೆ ಹೇಳ್ತಾನೆ ನೋಡೋಣ. ಭಾನುವಾರ ಅವನಮ್ಮ ಹಾಸ್ಟೆಸ್ ಹೌಸ್‌ಗೆ ಬರ್ಲಿ, ನೋಡೋಕೆ ಬರೋ ಹೆಂಗಸ್ರಿಗೆ ಅಂತ ವೈಡಬ್ಲ್ಯುಸಿಎ ಅನ್ನೋ ಕ್ರೈಸ್ತ ಯುವತಿಯರ ಸಂಘ ಕಟ್ಟಿಸಿದ್ದು ಅದು, ಸೋಫಾ ತುದೀಲಿ ತಿಂಡಿ ಗಂಟು ತೊಡೆ ಮೇಲಿಟ್ಕೊಂಡು ಕೂತಿರೋಳು, ಎದುರಿಗೆ ಹೊಸ ಕಾಲರ್ ಕುತ್ತಿಗೆ ಕೆರೀತಿರೋ ಮಗ.

ಇನ್ನೊಂದು, ನಿನ್ನ ಕ್ಯಾಂಪಲ್ಲಿ ಕರಿಯ ಸೈನಿಕರೇ ಇಲ್ವಲ್ಲೋ? ಅಪ್ಟನ್‌ನಲ್ಲೇ ಕರಿಯ ಸೈನಿಕರ 367ನೇ ರೆಜಿಮೆಂಟ್ ಇತ್ತು. ಎಷ್ಟೋ ಕ್ಯಾಂಪುಗಳಲ್ಲಿ ಅವ್ರನ್ನ ಬಿಳಿಯರ ಶೆಡ್ಡೊಳಗೆ ಬಿಡ್ತಿರ್ಲಿಲ್ಲ, ಒಳಗೆ ಹಾಡು, ಹೊರಗೆ ಇವ್ರು.

ಬಯೊನೆಟ್ ಸೀನ್ ಎರಡು ಕಿತ್ತಾಕು. ದೀಪಾವಳಿ ಒಳಗೆ ಕಳ್ಸು, ಆಮೇಲೆ ನಂದು ಕಣ್ಣಿನ ಆಪರೇಷನ್ ಇದೆ.