ಚಂಡಮಾರುತದ ತಿಂಗಳಲ್ಲಿ ಅಪ್ಪ ಅಮ್ಮನನ್ನು ಕ್ರೂಸ್‌ಗೆ ಕಳಿಸುವ ಮೊದಲು

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುರವಣಿಯಲ್ಲಿ ಕೆರಿಬಿಯನ್ ಕ್ರೂಸ್, ಅಂದರೆ ಅಮೆರಿಕದ ದಕ್ಷಿಣಕ್ಕಿರುವ ದ್ವೀಪಗಳ ಹಡಗು ಪ್ರವಾಸದ ಬಗ್ಗೆ ಬಂದ ಬರಹ ಓದಿದೆ. ಫೋಟೋಗಳು ಚೆನ್ನಾಗಿದ್ದವು. ಊಟ, ಈಜುಕೊಳ, ರಾತ್ರಿಯ ಶೋ, ಬೀಚ್ ಎಲ್ಲದರ ಬಗ್ಗೆಯೂ ವಿವರ ಇತ್ತು. ಸಮುದ್ರದ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಅದೇ ಪುಟದ ಕೆಳಗೆ ಸೆಪ್ಟೆಂಬರ್ ತಿಂಗಳ ಪ್ಯಾಕೇಜ್‌ಗೆ ಭಾರೀ ರಿಯಾಯಿತಿ ಅಂತ ಜಾಹೀರಾತು. ಆ ರಿಯಾಯಿತಿ ಯಾಕೆ ಅಂತ ಎಲ್ಲೂ ಹೇಳಿಲ್ಲ. ಅದನ್ನು ಹೇಳಬೇಕು ಅನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಕೆರಿಬಿಯನ್ ಸೇರಿದಂತೆ ಅಟ್ಲಾಂಟಿಕ್ ಸಾಗರದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಅದರ ಜೋರು ಜಾಸ್ತಿ. ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಅದು ತುದಿ ಮುಟ್ಟುತ್ತದೆ. ಬೇಸಿಗೆಯಿಡೀ ಕಾದ ನೀರು ಆ ಹೊತ್ತಿಗೆ ಚೆನ್ನಾಗಿ ಬೆಚ್ಚಗಾಗಿರುತ್ತದೆ. ಆಫ್ರಿಕಾದ ಪಶ್ಚಿಮ ತೀರದಿಂದ ಹೊರಟ ಗಾಳಿಯ ಸುಳಿಗಳು ಆ ನೀರಿನ ಮೇಲೆ ಬರುತ್ತಾ ಬರುತ್ತಾ ಬಲಿಯುತ್ತವೆ. ಇನ್ನು ನಮ್ಮವರು ಅಮೆರಿಕಕ್ಕೆ ಹೋಗುವುದು ಯಾವಾಗ? ಏಪ್ರಿಲ್ ಮೇನಲ್ಲಿ ವಿಸಿಟರ್ ವೀಸಾದಲ್ಲಿ ಹೋದ ಅಪ್ಪ ಅಮ್ಮ ಸೆಪ್ಟೆಂಬರ್ ಅಕ್ಟೋಬರ್‌ವರೆಗೆ ಮಕ್ಕಳ ಮನೆಯಲ್ಲಿ ಇರುತ್ತಾರೆ. ಮೊಮ್ಮಕ್ಕಳ ಶಾಲೆಗೆ ರಜೆ ಸಿಗುವುದೂ ಅದೇ ದಿನಗಳಲ್ಲಿ. ಫ್ಲಾರಿಡಾದಿಂದ ಒಂದು ವಾರ ಕ್ರೂಸ್ ಮಾಡಿಸೋಣ ಅಂತ ಮಕ್ಕಳು ಪ್ರೀತಿಯಿಂದ ಬುಕ್ ಮಾಡುತ್ತಾರೆ. ಬೆಂಗಳೂರಿಂದ ಗುಂಪು ಕಟ್ಟಿಕೊಂಡು ಕರೆದುಕೊಂಡು ಹೋಗುವ ಏಜೆಂಟರೂ ಇದ್ದಾರೆ. ಅಂದರೆ ನಮ್ಮ ಹಿರಿಯರಲ್ಲಿ ಎಷ್ಟೋ ಜನ ಕೆರಿಬಿಯನ್ ನೋಡುವುದೇ ಚಂಡಮಾರುತದ ಕಾಲದಲ್ಲಿ.

ಹೆದರಿಸುವುದು ನನ್ನ ಉದ್ದೇಶ ಅಲ್ಲ. ಗೊತ್ತಿದ್ದೂ ಗೊತ್ತಿದ್ದೂ ಚಂಡಮಾರುತದೊಳಗೆ ಹಡಗು ನುಗ್ಗಿಸುವ ಕ್ಯಾಪ್ಟನ್ ಇಲ್ಲ. ಒಳಗಿನ ಗಾಳಿ ಗಂಟೆಗೆ 119 ಕಿ.ಮೀ. ಮುಟ್ಟಿದರೆ ಅದಕ್ಕೆ ಹರಿಕೇನ್ ಅನ್ನುತ್ತಾರೆ. ಆದರೆ ಆ ಇಡೀ ಸುಳಿ ಮುಂದಕ್ಕೆ ಸಾಗುವುದು ಸಾಮಾನ್ಯವಾಗಿ ಗಂಟೆಗೆ 15ರಿಂದ 25 ಕಿ.ಮೀ. ವೇಗದಲ್ಲಿ. ದೊಡ್ಡ ಕ್ರೂಸ್ ಹಡಗು 35, 40 ಕಿ.ಮೀ. ವೇಗದಲ್ಲಿ ಓಡಬಲ್ಲದು. ಮುನ್ಸೂಚನೆ ದಿನಗಟ್ಟಲೆ ಮೊದಲೇ ಸಿಗುತ್ತದೆ. ಹಾಗಾಗಿ ಹಡಗು ಸುತ್ತು ಹಾಕಿ ತಪ್ಪಿಸಿಕೊಳ್ಳುತ್ತದೆ. ನಿಮ್ಮ ಜೀವಕ್ಕೆ ಅಪಾಯ ಬರುವುದು ತೀರಾ ಅಪರೂಪ. ಆದರೆ ನೀವು ದುಡ್ಡು ಕೊಟ್ಟ ಪ್ರವಾಸವೇ ನಿಮಗೆ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ, ಮತ್ತು ಆ ಖಾತ್ರಿ ಇಲ್ಲ ಅನ್ನುವುದು ನೀವು ಓದದೆ ಒಪ್ಪಿಕೊಂಡ ಟಿಕೆಟ್ ಷರತ್ತುಗಳಲ್ಲೇ ಬರೆದಿರುತ್ತದೆ.

ಆ ಷರತ್ತು ಏನು ಹೇಳುತ್ತದೆ ಗೊತ್ತಾ? ಹವಾಮಾನದ ಕಾರಣಕ್ಕೆ ಕಂಪನಿ ಯಾವ ಬಂದರನ್ನು ಬೇಕಾದರೂ ಬಿಡಬಹುದು, ಬದಲಿಗೆ ಬೇರೆ ಬಂದರಿಗೆ ಹೋಗಬಹುದು, ಹೊರಡುವುದನ್ನು ಮುಂದೆ ಹಾಕಬಹುದು, ತಡವಾಗಿ ವಾಪಸ್ ಬರಬಹುದು, ಬೇರೆ ಊರಿನಲ್ಲಿ ಇಳಿಸಲೂಬಹುದು. ಇದಕ್ಕೆಲ್ಲ ಪರಿಹಾರ ಕೇಳುವ ಹಕ್ಕು ಪ್ರಯಾಣಿಕನಿಗೆ ಇಲ್ಲವೇ ಇಲ್ಲ ಅನ್ನಬಹುದು. ಬಿಟ್ಟ ಬಂದರಿನ ತೆರಿಗೆ, ಶುಲ್ಕ ಮಾತ್ರ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಕಂಪನಿಯೇ ಇಡೀ ಪ್ರವಾಸ ರದ್ದು ಮಾಡಿದರೆ ಕ್ರೂಸ್ ಹಣ ಸಿಗುತ್ತದೆ. ಆದರೆ ನೀವೇ ಬೇರೆಯಾಗಿ ತೆಗೆದುಕೊಂಡ ವಿಮಾನ ಟಿಕೆಟ್, ಹೋಟೆಲ್ ಖರ್ಚು ನಿಮ್ಮ ತಲೆಗೇ. ಹಡಗಿನವರ ಮೂಲಕ ಬುಕ್ ಮಾಡಿದ ದ್ವೀಪ ಸುತ್ತಾಟದ ಹಣ ಬಂದರು ತಪ್ಪಿದರೆ ತಾನಾಗೇ ವಾಪಸ್ ಬರುತ್ತದೆ. ಅಗ್ಗ ಅಂತ ಹೊರಗೆ ಬುಕ್ ಮಾಡಿದ್ದರೆ ಅವರನ್ನೇ ಕೇಳಿಕೊಳ್ಳಬೇಕು.

ಇನ್ನೊಂದು ವಿಷಯ. ಬಂದರು ತಪ್ಪಲು ಚಂಡಮಾರುತ ಹತ್ತಿರ ಬರಬೇಕು ಅಂತಿಲ್ಲ. ನಮ್ಮ ಕರಾವಳಿಯವರಿಗೆ ಇದು ಹೊಸ ಮಾತಲ್ಲ. 2021ರ ಮೇನಲ್ಲಿ ತೌಕ್ತೆ ದಡ ಮುಟ್ಟಿದ್ದು ಗುಜರಾತಿನಲ್ಲಿ, ಆದರೆ ಅದು ದೂರದಲ್ಲಿ ಹಾದು ಹೋಗುವಾಗಲೇ ಇಲ್ಲಿ ನಮ್ಮ ಕಡಲತೀರದ ಮನೆ, ರಸ್ತೆಗಳನ್ನು ಅಲೆ ಕೊಚ್ಚಿ ಹಾಕಿತ್ತು. ಕೆರಿಬಿಯನ್‌ನಲ್ಲೂ ಅಷ್ಟೇ. ಆಕಾಶ ತಿಳಿಯಾಗಿದೆ, ಬಿಸಿಲಿದೆ, ಆದರೂ ನೂರಾರು ಕಿಲೋಮೀಟರ್ ಆಚೆಯ ತೂಫಾನ್ ಎಬ್ಬಿಸಿದ ಉದ್ದುದ್ದ ಅಲೆ ಬಂದು ತಲುಪಿರುತ್ತದೆ. ಗ್ರ್ಯಾಂಡ್ ಕೇಮನ್ ದ್ವೀಪದ ಜಾರ್ಜ್ ಟೌನ್‌ನಲ್ಲಿ ದೊಡ್ಡ ಕ್ರೂಸ್ ಹಡಗು ನಿಲ್ಲುವ ದಕ್ಕೆ ಇಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ, ಟೆಂಡರ್ ಅನ್ನುವ ಸಣ್ಣ ದೋಣಿಯಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಅಲೆ ಏರಿದರೆ ಹಡಗಿನ ಬಾಗಿಲು ಒಂದು ಕಡೆ ಏಳುತ್ತೆ, ದೋಣಿ ಇನ್ನೊಂದು ಕಡೆ ಇಳಿಯುತ್ತೆ. ಮಂಡಿ ನೋವಿರುವ ಎಪ್ಪತ್ತು ವರ್ಷದವರನ್ನು ಅಲ್ಲಿ ದಾಟಿಸಲು ಆಗಲ್ಲ. ಕ್ಯಾಪ್ಟನ್ ರದ್ದು ಮಾಡುತ್ತಾರೆ, ಮಾಡಲೇಬೇಕು. ದ್ವೀಪ ಕಣ್ಣೆದುರೇ ಇದ್ದರೂ ಇಳಿಯಲಾಗದೆ ಮುಂದೆ ಹೋಗುತ್ತೀರಿ.

ನನ್ನ ಅಕ್ಕ ಭಾವ 2024ರ ಅಕ್ಟೋಬರ್‌ನಲ್ಲಿ ಫ್ಲಾರಿಡಾದ ಟ್ಯಾಂಪಾದಿಂದ ಹೊರಟ ಒಂದು ಹಡಗಿನಲ್ಲಿದ್ದರು. ಮಗಳು ಅಲ್ಲೇ ಇರುವುದು. ಹೆಲೆನ್ ಚಂಡಮಾರುತ ಸೆಪ್ಟೆಂಬರ್ 26ರಂದು ಫ್ಲಾರಿಡಾಕ್ಕೆ ಬಡಿದು ಎರಡು ವಾರವೂ ಆಗಿರಲಿಲ್ಲ, ಮಿಲ್ಟನ್ ಬಂತು. ಮೆಕ್ಸಿಕೋ ಕೊಲ್ಲಿಯಲ್ಲಿ ಅದು ನೋಡನೋಡುತ್ತಿದ್ದಂತೆ 5ನೇ ದರ್ಜೆಗೆ, ಅಂದರೆ ಅತಿ ಜೋರಿನ ದರ್ಜೆಗೆ ಏರಿತು. ಟ್ಯಾಂಪಾ ಬಂದರು ಮುಚ್ಚಿತು. ಅಲ್ಲಿನ ಕೋಸ್ಟ್ ಗಾರ್ಡ್ ಬಿರುಗಾಳಿ ಹತ್ತಿರ ಬಂದಂತೆ ವಿಸ್ಕಿ, ಎಕ್ಸ್‌ರೇ, ಯಾಂಕಿ, ಝುಲು ಅಂತ ಒಂದೊಂದೇ ಹಂತ ಘೋಷಿಸುತ್ತದೆ. ಝುಲು ಅಂದರೆ ಬಂದರು ಬಂದ್, ಯಾವ ಹಡಗೂ ಒಳಗೆ ಬರುವಂತಿಲ್ಲ. ಹಾಗಾಗಿ ವಾಪಸ್ ಬರಬೇಕಾದ ದಿನ ಇವರ ಹಡಗು ಸಮುದ್ರದಲ್ಲೇ ದೂರ ಉಳಿಯಿತು. ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಟ್ಯಾಂಪಾದ ದಕ್ಷಿಣಕ್ಕಿರುವ ಸಿಯೆಸ್ಟಾ ಕೀ ಹತ್ತಿರ ದಡ ಹೊಕ್ಕಾಗ ನನ್ನ ಅಕ್ಕ ಹಡಗಿನಲ್ಲಿ ಕ್ಷೇಮವಾಗಿದ್ದಳು. ಮನೆ ಬಿಟ್ಟು ಹೋಗಿ ಅಂತ ಆದೇಶ ಬಂದದ್ದು ದಡದಲ್ಲಿದ್ದ ಮಗಳಿಗೆ. ಹಡಗಿನ ವೈಫೈ ದುಬಾರಿ ಅಂತ ಇವರು ತೆಗೆದುಕೊಂಡಿರಲಿಲ್ಲ, ಮಗಳು ಎಲ್ಲಿದ್ದಾಳೆ ಅಂತ ತಿಳಿಯುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತಂತೆ.

ಆ ರಾತ್ರಿಗಳ ಬಗ್ಗೆ ಅಕ್ಕ ಹೇಳುವುದನ್ನು ಕೇಳಬೇಕು. ಮೊದಲು ಈಜುಕೊಳದ ನೀರು ಖಾಲಿ ಮಾಡಿ ಮೇಲೆ ಬಲೆ ಕಟ್ಟಿದರು. ಹೊರಗಿನ ಡೆಕ್ಕಿನ ಬಾಗಿಲಿಗೆ ಹಗ್ಗ ಅಡ್ಡ ಹಾಕಿದರು. ಆಮೇಲೆ ಲಿಫ್ಟ್ ಪಕ್ಕ, ಮೆಟ್ಟಿಲಿನ ಕಂಬಿಯ ಸಂದಿಯಲ್ಲಿ, ಎಲ್ಲೆಂದರಲ್ಲಿ ಬಿಳಿ ಕಾಗದದ ಚೀಲ ಸಿಕ್ಕಿಸಿಟ್ಟರು. ಅವು ವಾಂತಿಗೆ ಅಂತ ಅಕ್ಕನಿಗೆ ಗೊತ್ತಾಗಿದ್ದು ರಾತ್ರಿ ಹತ್ತರ ಮೇಲೆ. ಬೀರುವಿನೊಳಗೆ ಹ್ಯಾಂಗರುಗಳು ಬೆಳಗಿನವರೆಗೂ ಕಟಕಟ ಅನ್ನುತ್ತಿದ್ದವಂತೆ. ಬಾತ್‌ರೂಮಿಗೆ ಹೋಗಲು ಭಾವ ಗೋಡೆ ಹಿಡಿದುಕೊಂಡೇ ನಡೆದರು. ಭಾವನ ಬಿಪಿ ಮಾತ್ರೆ ಲೆಕ್ಕ ಹಾಕಿ ತಂದದ್ದು, ಅದು ಮುಗಿಯಿತು. ಹಡಗಿನ ಡಾಕ್ಟರ್ ಹತ್ತಿರ ಹೋದರೆ ಡಾಲರ್‌ನಲ್ಲಿ ಬಿಲ್. ಇಲ್ಲಿಂದ ಪ್ಯಾಕೇಜ್ ಮಾರಿದ ಏಜೆಂಟ್ ಇದ್ಯಾವುದನ್ನೂ ಮೊದಲು ಹೇಳಿರಲಿಲ್ಲ. ವಾಪಸ್ ಬಂದ ಮೇಲೆ ಕೇಳಿದರೆ "ಪ್ರಕೃತಿ ವಿಕೋಪ ಸಾರ್, ನಮ್ಮ ಕೈಲಿ ಏನಿದೆ" ಅಂದರು. ಪ್ರಕೃತಿ ಅವರ ಕೈಲಿಲ್ಲ, ಒಪ್ಪಿದೆ. ಅಕ್ಟೋಬರ್ ಅಂದರೆ ಏನು ಅಂತ ಹೇಳುವುದು ಅವರ ಕೈಲಿತ್ತು ಅಲ್ವಾ?

ಹಡಗು ಅಲುಗಾಡದಂತೆ ತಡೆಯಲು ನೀರಿನ ಕೆಳಗೆ ಎರಡು ಬದಿಗೂ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತದೆ, ಏನೂ ಗೊತ್ತಾಗಲ್ಲ ಅಂತ ಮಾರುವವರು ಹೇಳುತ್ತಾರೆ. ಅರ್ಧ ನಿಜ. ಆ ರೆಕ್ಕೆಗಳು ಎಡಬಲ ಹೊರಳುವುದನ್ನು ಕಡಿಮೆ ಮಾಡುತ್ತವೆ. ಹಡಗಿನ ಮುಂಭಾಗ ಎದ್ದು ಬೀಳುವುದಕ್ಕೆ ಅವು ಹೆಚ್ಚೇನೂ ಮಾಡಲಾರವು. ಅದಕ್ಕೇ ಮುಂಭಾಗದ, ಮೇಲಿನ ಅಂತಸ್ತಿನ ಕೋಣೆಗಳಲ್ಲಿ ಹೊಟ್ಟೆ ತೊಳೆಸುವುದು ಜಾಸ್ತಿ. ದುಬಾರಿ ಬಾಲ್ಕನಿ ಕೋಣೆಗಳಲ್ಲಿ ಎಷ್ಟೋ ಮೇಲೆಯೇ ಇರುತ್ತವೆ. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ಕೋಣೆ ಕೇಳಿ. ಅಗ್ಗವೂ ಹೌದು, ಅಲುಗಾಟವೂ ಕಡಿಮೆ. ತಲೆಸುತ್ತಿನ ಮಾತ್ರೆ ವಾಂತಿ ಶುರುವಾದ ಮೇಲೆ ತೆಗೆದುಕೊಂಡರೆ ಅಷ್ಟು ಕೆಲಸ ಮಾಡಲ್ಲ, ಮೊದಲೇ ತೆಗೆದುಕೊಳ್ಳಬೇಕು. ಆದರೆ ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಇಂಥ ಕೆಲವು ಮಾತ್ರೆ, ಚರ್ಮಕ್ಕೆ ಅಂಟಿಸುವ ಪ್ಯಾಚ್ ಆಗಿಬರಲ್ಲ. ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ವಾಂತಿಗಿಂತ ನನಗೆ ಹೆಚ್ಚು ಚಿಂತೆ ಬೀಳುವುದರ ಬಗ್ಗೆ. ವಯಸ್ಸಾದವರು ಬಾತ್‌ರೂಮಿನ ಹೊಸ್ತಿಲಲ್ಲಿ ಎಡವಿದರೆ ಸೊಂಟ ಮುರಿಯುತ್ತದೆ, ಗಾಳಿಗೆ ಬಾಲ್ಕನಿಯ ಭಾರದ ಬಾಗಿಲು ಬಡಿದರೆ ಬೆರಳು ಜಜ್ಜುತ್ತದೆ.

ಚಂಡಮಾರುತದ ಕಾಲ ಬಿಟ್ಟರೆ ಎಲ್ಲ ಸರಿ ಅಂತಲೂ ಹೇಳಲಾರೆ. 2016ರ ಫೆಬ್ರವರಿಯಲ್ಲಿ ಆಂಥಮ್ ಆಫ್ ದ ಸೀಸ್ ಅನ್ನುವ ಕ್ರೂಸ್ ಹಡಗು ನ್ಯೂಜೆರ್ಸಿಯಿಂದ ಬಹಾಮಾಸ್ ಕಡೆ ಹೊರಟು ಅಮೆರಿಕದ ಪೂರ್ವ ತೀರದ ಕೇಪ್ ಹ್ಯಾಟೆರಸ್ ಹತ್ತಿರ ಚಳಿಗಾಲದ ಬಿರುಗಾಳಿಗೆ ಸಿಕ್ಕಿತು. ಗಾಳಿ ಗಂಟೆಗೆ 160 ಕಿ.ಮೀ.ಗೂ ಜಾಸ್ತಿ, ಅಲೆ ಸುಮಾರು 30 ಅಡಿ. ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಕೋಣೆ ಬಿಟ್ಟು ಹೊರಬರುವಂತಿರಲಿಲ್ಲ. ಹಡಗು ಅರ್ಧದಿಂದಲೇ ವಾಪಸ್ ಬಂತು. ಆ ಸಲ ಕಂಪನಿ ಪೂರ್ತಿ ಹಣ ಕೊಟ್ಟು, ಮುಂದಿನ ಪ್ರಯಾಣಕ್ಕೆ ಅರ್ಧ ದರದ ರಿಯಾಯಿತಿಯನ್ನೂ ಕೊಟ್ಟಿತು. ಮರುವರ್ಷ ತನ್ನದೇ ಹವಾಮಾನ ತಜ್ಞರನ್ನು ಕೆಲಸಕ್ಕೆ ಇಟ್ಟುಕೊಂಡಿತು. ನಾರ್ವೆಯಲ್ಲಿ 2019ರ ಮಾರ್ಚ್‌ನಲ್ಲಿ ವೈಕಿಂಗ್ ಸ್ಕೈ ಹಡಗಿನ ಕತೆ ಇನ್ನೂ ಗಂಭೀರ. ಎಂಜಿನ್ನಿನ ಆಯಿಲ್ ಮಟ್ಟ ಕಡಿಮೆ ಇತ್ತು. ಅಲೆಗೆ ಹಡಗು ಹೊಯ್ದಾಡಿದಾಗ ಪಂಪಿಗೆ ಆಯಿಲ್ ಸಿಗದೆ ಎಂಜಿನ್ ನಿಂತವು. ಬಂಡೆಗಳ ಹತ್ತಿರ ತೇಲುತ್ತಿದ್ದ ಹಡಗಿನಿಂದ 479 ಜನರನ್ನು ಹೆಲಿಕಾಪ್ಟರ್‌ನಲ್ಲಿ ಒಬ್ಬೊಬ್ಬರನ್ನಾಗಿ ಎತ್ತಿದರು. ಇಂಥದ್ದು ಅಪರೂಪ. ಆದರೆ ಹಡಗು ಹತ್ತಿದಾಗ ಮಾಡಿಸುವ ಸುರಕ್ಷತಾ ಪಾಠಕ್ಕೆ ನಮ್ಮವರು ಸುಮ್ನೆ ಮೊಬೈಲ್ ನೋಡುತ್ತಾ ನಿಲ್ಲಬಾರದು ಅನ್ನುವುದಕ್ಕೆ ಇದನ್ನು ಹೇಳಿದೆ.

ಬಂದರು ತಪ್ಪಿತು ಅಂತ ಬೇಜಾರು ಮಾಡಿಕೊಳ್ಳುವವರು ಆ ಬಂದರಿನ ಜನರನ್ನೂ ನೆನೆಯಬೇಕು. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ, ಎರಡೇ ವಾರದಲ್ಲಿ ಮಾರಿಯಾ ಬಂದು ಸೇಂಟ್ ಮಾರ್ಟನ್, ಸೇಂಟ್ ಥಾಮಸ್, ಡೊಮಿನಿಕಾ, ಪೋರ್ಟೊರಿಕೊ ಎಲ್ಲ ನೆಲಕಚ್ಚಿದವು. ಆಗ ಅಡ್ವೆಂಚರ್ ಆಫ್ ದ ಸೀಸ್ ಅನ್ನುವ ಕ್ರೂಸ್ ಹಡಗು ತನ್ನ ಪ್ರವಾಸ ರದ್ದು ಮಾಡಿ ಸಾವಿರಾರು ಜನರನ್ನು ಪೋರ್ಟೊರಿಕೊ ಮತ್ತು ವರ್ಜಿನ್ ದ್ವೀಪಗಳಿಂದ ಫ್ಲಾರಿಡಾಕ್ಕೆ ಸಾಗಿಸಿತು. ಆ ಪ್ರವಾಸಕ್ಕೆ ಟಿಕೆಟ್ ತೆಗೆದುಕೊಂಡವರಿಗೆ ರಜೆ ತಪ್ಪಿತು, ನಿಜ. ಅಂಥ ರದ್ದತಿಗೆ ಯಾರೂ ಗೊಣಗಬಾರದು. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ 5ನೇ ದರ್ಜೆಯಲ್ಲಿ ಜಮೈಕಾಕ್ಕೆ ಬಡಿದಾಗಲೂ ಹಡಗುಗಳು ಬೇರೆ ಕಡೆ ತಿರುಗಿದವು. ಅಲ್ಲಿನ ಟ್ಯಾಕ್ಸಿಯವರು, ಅಂಗಡಿಯವರು ಬದುಕುವುದೇ ಹಡಗಿನಿಂದ ಇಳಿಯುವ ಜನರಿಂದ. ದ್ವೀಪ ಮತ್ತೆ ತೆರೆದಾಗ ಹೋಗಿ ಖರ್ಚು ಮಾಡುವುದು ಅವರಿಗೆ ದೊಡ್ಡ ಸಹಾಯ.

ಹಾಗಾದರೆ ಹೋಗಲೇಬಾರದಾ? ಹೋಗಬಹುದು. ವಯಸ್ಸು ಚಿಕ್ಕದು, ರಜೆ ಒಂದೆರಡು ದಿನ ಎಳೆಯಬಹುದು, ಯಾವ ದ್ವೀಪವಾದರೂ ಪರವಾಗಿಲ್ಲ ಅನ್ನುವವರಿಗೆ ಸೆಪ್ಟೆಂಬರ್‌ನ ದರ ಒಳ್ಳೆಯದೇ. ಜೀವನದಲ್ಲಿ ಒಂದೇ ಸಲ ಅಂತ ಹೋಗುವ ಹಿರಿಯರನ್ನು ಜನವರಿಯಿಂದ ಏಪ್ರಿಲ್ ನಡುವೆ ಕಳಿಸಿ. ಅಮೆರಿಕದ ಬೇಸಿಗೆಯಲ್ಲೇ ಆಗಬೇಕು ಅಂದರೆ ಅಲಾಸ್ಕಾ ಇದೆ. ಅಥವಾ ದಕ್ಷಿಣದ ಅರೂಬಾ, ಬೊನೇರ್, ಕುರಸಾವ್ ಕಡೆ ಹೋಗುವ ಹಡಗು ನೋಡಿ, ಆ ದ್ವೀಪಗಳಿಗೆ ಚಂಡಮಾರುತ ನೇರ ಬಡಿಯುವುದು ಅಪರೂಪ. ವಿಮೆಯನ್ನು ಕ್ರೂಸ್ ಬುಕ್ ಮಾಡಿದ ಕೂಡಲೇ ತೆಗೆದುಕೊಳ್ಳಿ. ಬಿರುಗಾಳಿಗೆ ಒಮ್ಮೆ ಹೆಸರಿಟ್ಟರು ಅಂದರೆ ಅದು ಗೊತ್ತಿದ್ದ ಅಪಾಯ, ಆಮೇಲೆ ಕೊಂಡ ಪಾಲಿಸಿ ಆ ಬಿರುಗಾಳಿಗೆ ನಡೆಯಲ್ಲ. ಹಡಗು ಇಳಿಯುವ ದಿನವೇ ಬೆಂಗಳೂರಿನ ವಿಮಾನ ಹಿಡಿಯುವ ಹಾಗೆ ಟಿಕೆಟ್ ಮಾಡಬೇಡಿ. ಹೊರಡುವ ಊರಿಗೂ ಒಂದು ದಿನ ಮೊದಲೇ ಹೋಗಿ. ದಿನದ ಮಾತ್ರೆ ಒಂದು ವಾರದ್ದು ಹೆಚ್ಚಿಗೆ ಇರಲಿ, ಅದೂ ಕೈಚೀಲದಲ್ಲಿ.

ಕೊನೆಯದಾಗಿ ಎರಡು ವಿನಂತಿ. ನಮ್ಮೂರಿನಲ್ಲಿ ಕೂತು ಕನ್ನಡದಲ್ಲೇ ಮಾತಾಡಿ ಪ್ಯಾಕೇಜ್ ಮಾರುವ ಏಜೆಂಟರು ಆ ಷರತ್ತುಗಳಲ್ಲಿ ಬಂದರು ಬದಲಾವಣೆ, ತಡವಾಗಿ ವಾಪಸ್ ಬರುವುದು, ಹಣ ವಾಪಸ್, ಈ ಮೂರನ್ನಾದರೂ ಕನ್ನಡದಲ್ಲಿ ಒಂದು ಹಾಳೆಗೆ ಬರೆದು, ದುಡ್ಡು ಕಟ್ಟಿಸಿಕೊಳ್ಳುವ ಮುಂಚೆ ಕೈಗೆ ಕೊಡಲಿ. ಮತ್ತೆ ನೀವು, ಮುಂದಿನ ಸಲ ಕ್ರೂಸ್ ಬಗ್ಗೆ ಪುರವಣಿ ಮಾಡುವಾಗ ಯಾವ ಸಮುದ್ರಕ್ಕೆ ಯಾವ ತಿಂಗಳು ಅನ್ನುವ ಸಣ್ಣ ಪಟ್ಟಿಯೊಂದನ್ನು ಆ ಫೋಟೋಗಳ ಪಕ್ಕದಲ್ಲೇ ಹಾಕಿ.

ಇಂತಿ,
ನಿಮ್ಮ ಓದುಗ,
ಕುಂದಾಪುರ