ಭಾನುವಾರದ ಚರ್ಚೆ: ಯುದ್ಧ ಮುಗಿದ ಮೇಲೆ ನಾವಿಕರ ಪಾಡು

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ 1946ರ ಮುಂಬಯಿ ನಾವಿಕರ ಬಂಡಾಯದ ಬಗ್ಗೆ ಮಾತಾಡೋಣ. ಫೆಬ್ರವರಿ 18ರಂದು ‘ತಲ್ವಾರ್’ ಎಂಬ ನೌಕಾಪಡೆಯ ತರಬೇತಿ ನೆಲೆಯಲ್ಲಿ ಶುರುವಾದದ್ದನ್ನು ಬರೀ ಕೆಟ್ಟ ಊಟದ ಜಗಳ ಎಂದುಕೊಳ್ಳಬೇಡಿ. ಎರಡನೇ ಮಹಾಯುದ್ಧ ಮುಗಿದಿತ್ತು, ಸೇವೆಯಿಂದ ಬಿಡುಗಡೆ ಮಾತ್ರ ನಿಧಾನ. ಮುಂದೆ ಹೊಟ್ಟೆಪಾಡೇನು ಎಂಬ ಚಿಂತೆ ಬೇರೆ. ಬೇಗ ಬಿಡಿ, ಹೊರಗೆ ಉದ್ಯೋಗ ಕೊಡಿ ಎಂಬುದು ಬೇಡಿಕೆ ಪಟ್ಟಿಯಲ್ಲೇ ಇತ್ತು. ಮನೆಗೆ ಹೊರಟಾಗ ಸಮವಸ್ತ್ರ ವಾಪಸ್ ಕೇಳಬೇಡಿ ಎಂದೂ ಇತ್ತು! ಯುದ್ಧಕಾಲದಲ್ಲಿ ದುಡಿದವರು ತೊಟ್ಟ ಬಟ್ಟೆಗೂ ಹೋರಾಡಬೇಕಾಯಿತಲ್ಲ ಎಂದು ಸಂಕಟವಾಗುತ್ತದೆ.

ನಿಮ್ಮ ಮನೆಯ ಅಜ್ಜ, ಮುತ್ತಜ್ಜ ಯಾರಾದರೂ ಆಗ ನೌಕಾಪಡೆಯಲ್ಲಿದ್ದರೆ, ಅವರ ಬಿಡುಗಡೆ ಪತ್ರದ ಫೋಟೋ ಶನಿವಾರದೊಳಗೆ ಇಲ್ಲಿ ಹಾಕಿ. ಮೂಲ ಪತ್ರ ಮಾತ್ರ ಯಾರ ಕೈಗೂ ಕೊಡಬೇಡಿ.