ಮಂಡಿಯಲ್ಲಿ ಕೊಳೆಯುವ ಟೊಮೆಟೊ ಮಲ್ಚಿಂಗ್ ಶೀಟಾಗಿ ಹೊಲಕ್ಕೆ ಬರಲಿ: ಕೋಲಾರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಟೊಮೆಟೊ ಬೆಳೆಗಾರ. ಎರಡು ಎಕರೆ ನಾಟಿ ಮಾಡುತ್ತೇನೆ. ಹೋದ ವಾರ ಹೊಲದ ಬದುವಿನ ಮೇಲೆ ಹಳೇ ಮಲ್ಚಿಂಗ್ ಶೀಟಿಗೆ, ಅಂದರೆ ಕಳೆ ಬಾರದಂತೆ, ತೇವ ಆರದಂತೆ ಗಿಡದ ಬುಡದ ಮಣ್ಣಿಗೆ ಹೊದಿಸುವ ತೆಳು ಪ್ಲಾಸ್ಟಿಕ್ಕಿಗೆ, ಬೆಂಕಿ ಹಾಕಿದೆ. ಸುಡಬಾರದು ಅಂತ ಗೊತ್ತಿದ್ದೂ ಹಾಕಿದೆ. ಬೇರೆ ಏನು ಮಾಡಲಿ ಹೇಳಿ? ಕೀಳುವಾಗಲೇ ಅದು ಹರಿದು ಚೂರಾಗುತ್ತದೆ, ಮಣ್ಣು, ಬೇರು ಅಂಟಿರುತ್ತದೆ, ಗುಜರಿಯವರು ಮುಟ್ಟುವುದಿಲ್ಲ. ಕೈಗೆ ಸಿಕ್ಕಿದ್ದು ಬೆಂಕಿಗೆ, ಸಿಗದ್ದು ಮಣ್ಣಿಗೆ. ಮುಂದಿನ ಸಲ ಟ್ರ್ಯಾಕ್ಟರ್ ಉತ್ತಾಗ ಸಾಲಿನುದ್ದಕ್ಕೂ ಬೆಳ್ಳಿ ಚೂರುಗಳು ಹೊಳೆಯುತ್ತಾ ಮೇಲೆ ಬರುತ್ತವೆ.

ಅದೇ ದಿನ ಬೆಳಿಗ್ಗೆ ಎಪಿಎಂಸಿ ಯಾರ್ಡಿನಲ್ಲಿ ಸುರಿದು ಹೋಗಿದ್ದ ಹಣ್ಣಿನ ರಾಶಿ ನೋಡಿ ಬಂದಿದ್ದೆ. ಕೆಳಗಿನ ಹಣ್ಣು ಒಡೆದು ರಸ ಚರಂಡಿಗೆ ಹರಿಯುತ್ತಿತ್ತು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ದೇಶದ ಕ್ಯಾಮೆರಾಗಳೆಲ್ಲ ನಮ್ಮ ಮಂಡಿಗೆ ಬಂದವು. ಆದರೆ ಬೆಲೆ ಬಿದ್ದ ದಿನ, ಕೊಯ್ಲಿನ ಕೂಲಿ, ಗಾಡಿ ಬಾಡಿಗೆ, ಹಮಾಲಿ, ಕಮಿಷನ್ ಎಲ್ಲ ಲೆಕ್ಕ ಹಾಕಿ ಕೈಯಿಂದಲೇ ದುಡ್ಡು ಹೋಗುತ್ತದೆ ಅಂತ ಗೊತ್ತಾದ ಮೇಲೆ ರೈತ ಹಣ್ಣನ್ನು ಅಲ್ಲೇ ಸುರಿದು ಖಾಲಿ ಕ್ರೇಟ್ ಹೊತ್ತುಕೊಂಡು ಹೋಗುವುದನ್ನು ಯಾರೂ ನೋಡುವುದಿಲ್ಲ.

ನನ್ನ ಕೋರಿಕೆ ಇಷ್ಟೇ. ಆ ರಾಶಿಯಿಂದ ಈ ಶೀಟು ಮಾಡುವ ಒಂದು ಸಣ್ಣ ಪ್ರಾಯೋಗಿಕ ಘಟಕವನ್ನು ಯಾರ್ಡಿನ ಪಕ್ಕದಲ್ಲೇ ತರಿಸಿ. ಮಣ್ಣಿನಲ್ಲಿ ಕರಗುವ ಶೀಟು.

ಇದು ನನ್ನ ಕಲ್ಪನೆ ಅಲ್ಲ. ಕೆಲವು ಬ್ಯಾಕ್ಟೀರಿಯಾಗಳು, ನಮ್ಮ ಮೈಯಲ್ಲಿ ಕೊಬ್ಬು ಸೇರಿದ ಹಾಗೆ, ತಮ್ಮೊಳಗೆ ಒಂದು ಬಗೆಯ ಪ್ಲಾಸ್ಟಿಕ್ಕನ್ನು ಕೂಡಿಟ್ಟುಕೊಳ್ಳುತ್ತವೆ. ಫ್ರಾನ್ಸಿನ ಪಾಶ್ಚರ್ ಸಂಸ್ಥೆಯ ಮಾರಿಸ್ ಲೆಮ್ವಾನ್ಯ ಎಂಬ ವಿಜ್ಞಾನಿ 1920ರ ದಶಕದಲ್ಲೇ ಇದನ್ನು ಕಂಡುಹಿಡಿದರು. ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಕರಗಿಸಬಲ್ಲ ಈ ಜಾತಿಯ ಪ್ಲಾಸ್ಟಿಕ್ಕಿಗೆ ಪಿಎಚ್‌ಎ ಅನ್ನುತ್ತಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳೂ ಇದರ ಮೇಲೆ ಕೆಲಸ ಮಾಡಿದ್ದಾರೆ. ದೂರ ಹೋಗಬೇಕಾಗಿಲ್ಲ.

ಕೊಳೆತ ಟೊಮೆಟೊ ರಾಶಿ ಹತ್ತಿರ ನಿಂತರೆ ಮೂಗಿಗೆ ಹೊಡೆಯುವ ಹುಳಿ ವಾಸನೆ ಇದೆಯಲ್ಲ, ಮೊದಲ ಹಂತ ಅದೇ. ಹಣ್ಣನ್ನು ಅರೆದು ಗಾಳಿ ಇಲ್ಲದ ಟ್ಯಾಂಕಿನಲ್ಲಿ ಹುಳಿ ಬರಿಸುತ್ತಾರೆ. ಸಕ್ಕರೆಯೆಲ್ಲ ವಿನೆಗರ್‌ನಂಥ ಆಮ್ಲಗಳಾಗುತ್ತದೆ. ಎರಡನೇ ಟ್ಯಾಂಕಿಗೆ ಗಾಳಿ ಊದುತ್ತಾರೆ, ಅಲ್ಲಿರುವ ಬ್ಯಾಕ್ಟೀರಿಯಾಗೆ ಆ ಆಮ್ಲವನ್ನು ಒಮ್ಮೆ ಹೊಟ್ಟೆ ತುಂಬ ಕೊಟ್ಟು, ಆಮೇಲೆ ಉಪವಾಸ ಕೆಡವಿ, ಮತ್ತೆ ಕೊಡುತ್ತಾರೆ. ಬರಗಾಲಕ್ಕೆ ಅಂತ ಕೂಡಿಟ್ಟುಕೊಂಡವು ಬದುಕುತ್ತವೆ, ಉಳಿದವು ಹಿಂದೆ ಬೀಳುತ್ತವೆ. ಹೀಗೆ ಆರಿಸಿದವನ್ನು ಕೊನೆಗೆ ಚೆನ್ನಾಗಿ ಕೊಬ್ಬಿಸಿ, ಒಣಗಿಸಿ, ಒಳಗಿನ ಪ್ಲಾಸ್ಟಿಕ್ ತೆಗೆಯುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕದ ಬ್ಯಾಕ್ಟೀರಿಯಾದಿಂದಲೇ ಇದನ್ನು ಮಾಡಿ ನೋಡಿದ್ದಾರೆ.

ಕಷ್ಟಗಳನ್ನೂ ಹೇಳಿಬಿಡುತ್ತೇನೆ, ನಾಳೆ ಅಧಿಕಾರಿಗಳು ನಿಮ್ಮ ಮುಂದೆ ಅದನ್ನೇ ಇಡುತ್ತಾರೆ. ಟೊಮೆಟೊ ಅಂದರೆ ಬಹುಪಾಲು ನೀರು. ಒಂದು ಟನ್ನಿನಲ್ಲಿ ಸುಮಾರು 940 ಕೆಜಿ ನೀರೇ ಇರುತ್ತದೆ. ಸಿಪ್ಪೆ, ಬೀಜ, ನಾರು ಬಿಟ್ಟರೆ ಬ್ಯಾಕ್ಟೀರಿಯಾಗೆ ಸಿಗುವ ಸಕ್ಕರೆ 30 ಕೆಜಿ ಆಸುಪಾಸು. ಎಲ್ಲ ಸರಿಯಾಗಿ ನಡೆದರೂ ಅದರಿಂದ 10 ಕೆಜಿ ಪ್ಲಾಸ್ಟಿಕ್ ಬಂದರೆ ಜಾಸ್ತಿ. ಅದಕ್ಕೇ ಘಟಕ ಮಂಡಿಯ ಪಕ್ಕದಲ್ಲೇ ಬೇಕು ಅನ್ನುತ್ತಿರುವುದು, ನೀರನ್ನು ಲಾರಿಯಲ್ಲಿ ಹೊತ್ತು ತಿರುಗಿದರೆ ಡೀಸೆಲ್ಲಿಗೇ ಎಲ್ಲ ಹೋಗುತ್ತದೆ. ಬರೀ ಟೊಮೆಟೊ ನಂಬಿದರೂ ಆಗುವುದಿಲ್ಲ. ರೇಟ್ ಇದ್ದ ತಿಂಗಳು ಕಸವೇ ಸಿಗುವುದಿಲ್ಲ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕೆಟ್ಟ ಹಣ್ಣು, ಉಳಿದಂತೆ ತರಕಾರಿ ಮಾರ್ಕೆಟ್ಟಿನ ಕಸ, ಹೋಟೆಲಿನ ಉಳಿಕೆ ಎಲ್ಲ ಸೇರಬೇಕು. ಬೆಲೆಯೂ ಮಾಮೂಲಿ ಪ್ಲಾಸ್ಟಿಕ್ಕಿಗಿಂತ ಬಹಳ ಜಾಸ್ತಿ. ಪಿಎಚ್‌ಬಿ ಅನ್ನುವ ಪಿಎಚ್‌ಎ ಬಗೆ ಬರೀ ಅದೊಂದೇ ಆದರೆ ಗಡುಸು, ಬೇಗ ಬಿರಿಯುತ್ತದೆ. ಶೀಟು ಮಾಡಲು ಬೇರೆ ಮೃದುವಾದ ಬಗೆಗಳ ಜೊತೆ ಬೆರೆಸಬೇಕು.

ಇನ್ನೊಂದು ವಿಷಯ ಸ್ವಂತ ಅನುಭವದಿಂದ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ "ಮಣ್ಣಲ್ಲಿ ತಾನೇ ಕರಗುತ್ತೆ" ಅಂತ ಹೇಳಿ ಜಾಸ್ತಿ ದುಡ್ಡಿಗೆ ಶೀಟು ಕೊಟ್ಟರು. ಬಿಸಿಲಿಗೆ ಅದು ಉಗುರಿನಷ್ಟು ಚೂರುಗಳಾಯಿತು, ಅಷ್ಟೇ. ಆ ಚೂರು ಇವತ್ತೂ ನನ್ನ ಮಣ್ಣಲ್ಲಿದೆ. ಹಿಡಿ ಮಣ್ಣು ಎತ್ತಿ ಬೆರಳಲ್ಲಿ ಉಜ್ಜಿದರೆ ಸಿಗುತ್ತದೆ. ಪಿಎಲ್‌ಎ ಅನ್ನುವ ಜೈವಿಕ ಪ್ಲಾಸ್ಟಿಕ್ ಕೂಡ, ಸುಮಾರು 60 ಡಿಗ್ರಿ ಬಿಸಿಯಿರುವ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಕರಗುತ್ತದೆಯೇ ಹೊರತು ನಮ್ಮ ಹೊಲದಲ್ಲಿ ಬೇಗ ಕರಗುವುದಿಲ್ಲ. ಯುರೋಪಿನಲ್ಲಿ ಮಲ್ಚಿಂಗ್ ಶೀಟಿಗೆ ಅಂತಲೇ 2018ರಿಂದ ಇಎನ್ 17033 ಎಂಬ ಮಾನದಂಡ ಇದೆ. ಮಣ್ಣಿನಲ್ಲಿಟ್ಟು ಪರೀಕ್ಷೆ ಮಾಡಿದಾಗ ಎರಡು ವರ್ಷದೊಳಗೆ ಶೇ 90ರಷ್ಟು ಸೂಕ್ಷ್ಮಜೀವಿಗಳ ಹೊಟ್ಟೆ ಸೇರಬೇಕು. ಇಲ್ಲೂ ಅಂಥ ಪರೀಕ್ಷೆ ಪಾಸಾದ ಶೀಟಿಗೆ ಮಾತ್ರ "ಕರಗುತ್ತದೆ" ಅನ್ನುವ ಹೆಸರು ಸಿಗಲಿ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ, ಜೈವಿಕ ತಂತ್ರಜ್ಞಾನದ ಉತ್ಪಾದನೆಗೆ ಒತ್ತು ಕೊಡುವ ಬಯೋಇ3 ನೀತಿಯಲ್ಲಿ ಬಯೋಪಾಲಿಮರ್ (ಇಂಥ ಜೈವಿಕ ಪ್ಲಾಸ್ಟಿಕ್) ಕೂಡ ಸೇರಿದೆ, ಅಲ್ಲಿ ಅರ್ಜಿ ಹಾಕಿಸಿ. ತೋಟಗಾರಿಕೆ ಇಲಾಖೆ ಪ್ಲಾಸ್ಟಿಕ್ ಮಲ್ಚಿಂಗ್‌ಗೆ ಈಗಾಗಲೇ ಸಹಾಯಧನ ಕೊಡುತ್ತಿದೆ ಅಲ್ವಾ? ಕರಗುವ ಶೀಟಿಗೆ ಅದಕ್ಕಿಂತ ಜಾಸ್ತಿ ಕೊಡಿಸಲು ಸದನದಲ್ಲಿ ಕೇಳಿ. ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ, ಹೊಲದ ಪರೀಕ್ಷೆ ಅವರು ಮಾಡಲಿ. ನನ್ನ ಅರ್ಧ ಎಕರೆ ಅದಕ್ಕೆ ಬಿಟ್ಟುಕೊಡುತ್ತೇನೆ, ಬಾಡಿಗೆ ಬೇಡ.

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಕೆರೆಗಳಿಗೆ ತರುವ ಕೆಸಿ ವ್ಯಾಲಿ ಯೋಜನೆಯನ್ನು ಮೊದಲು ಯಾರು ನಂಬಿದ್ದರು? 2018ರಿಂದ ನೀರು ಬರುತ್ತಿದೆ. ಅದರ ಶುದ್ಧತೆ ಬಗ್ಗೆ ನಮ್ಮ ಜಗಳ ಇನ್ನೂ ಮುಗಿದಿಲ್ಲ, ಆದರೆ ಸರ್ಕಾರ ಮನಸ್ಸು ಮಾಡಿದರೆ ಅಷ್ಟು ದೊಡ್ಡ ಕೆಲಸ ಆಗುತ್ತದೆ ಅಂತ ನಾವೇ ಕಣ್ಣಾರೆ ಕಂಡಿದ್ದೇವೆ. ನಾನು ಕೇಳುತ್ತಿರುವುದು ಎರಡು ಟ್ಯಾಂಕು, ಒಂದು ಶೆಡ್ಡು, ಕೆಲಸ ಗೊತ್ತಿರುವ ನಾಲ್ಕು ಜನ.

ಬೆಲೆ ಬಿದ್ದ ಒಂದು ದಿನ, ಹರಾಜು ಮುಗಿದ ಮೇಲೆ ಯಾರ್ಡಿಗೆ ಬನ್ನಿ. ರಾಶಿ ಎಲ್ಲಿದೆ ಅಂತ ನಾನು ತೋರಿಸುತ್ತೇನೆ. ಅಲ್ಲಿಂದ ನಮ್ಮ ಹೊಲಕ್ಕೂ ಹೋಗಿ ಬರೋಣ.

ಇಂತಿ,
ಕೋಲಾರ ತಾಲ್ಲೂಕಿನ ಒಬ್ಬ ಟೊಮೆಟೊ ಬೆಳೆಗಾರ